ಅಪ್‌ಡೇಟ್: ಬೆನ್ನಿನ ಆಪರೇಷನ್ ಆದ ಅವ್ವ ಮತ್ತೆ ಅಡ್ಮಿಟ್ ಆಗಿದ್ದಳು

ಅವ್ವನ ಬಾಗಿದ ಬೆನ್ನಿಗೆ ರಾಡ್, ಸ್ಕ್ರೂ ಹಾಕಿಸಿ ಗದಗಿಗೆ ಕರೆತಂದ ಮೇಲೆ ಗಾಯ ಒಸರುತ್ತಿದೆ, ಎರಡು ದಿನ ಕಾಯಬಹುದಾ ಅಂತ ಇಲ್ಲಿ ನಿಮ್ಮನ್ನು ಕೇಳಿದ್ದೆ. ಕಾಯಬೇಡಿ, ಇವತ್ತೇ ಹೋಗಿ ಅಂದಿರಿ. ಅದೇ ಒಳ್ಳೆಯದಾಯಿತು.

ಸಂಜೆಯೇ ಹುಬ್ಬಳ್ಳಿಗೆ ಹೊರಟೆವು. ದಾರಿಯಲ್ಲೇ ಚಳಿಜ್ವರ ಬಂತು. ಒಳಗೆ ಕೀವಾಗಿತ್ತು. ಮತ್ತೆ ಗಾಯ ಬಿಚ್ಚಿ ತೊಳೆದರು. ರಾಡ್ ತೆಗೆದುಬಿಡುತ್ತಾರೇನೋ ಅಂತ ನನಗೆ ಭಯ. ತೆಗೆಯಲಿಲ್ಲ. ಎಲುಬು ಕೂಡಲು ತಿಂಗಳುಗಳು ಬೇಕು, ಅಲ್ಲಿಯ ತನಕ ಬೆನ್ನನ್ನು ಹಿಡಿದಿಡುವುದು ಅವೇ, ಈಗ ತೆಗೆದರೆ ಮತ್ತೆ ಬಾಗಬಹುದು ಅಂತ ಡಾಕ್ಟರ್ ಕೂತು ಬಿಡಿಸಿ ಹೇಳಿದರು. ಕೀವಿನಲ್ಲಿ ಯಾವ ರೋಗಾಣು ಇದೆ ಅಂತ ತಿಳಿಸುವ ಕಲ್ಚರ್ ರಿಪೋರ್ಟ್ ನೋಡಿ ಆಂಟಿಬಯೋಟಿಕ್ ಬದಲಿಸಿದರು. 6 ವಾರ ನರಕ್ಕೆ ಇಂಜೆಕ್ಷನ್, ಈಗ ಗುಳಿಗೆ.

ಅವ್ವನಿಗೆ ಶುಗರ್ ಇದೆ. ಮೊದಲ ಸಲ ಮನೆಗೆ ಬಂದಾಗ ನಾವು ಅದನ್ನು ಚೆಕ್ ಮಾಡಲೇ ಇಲ್ಲ. ಶುಗರ್ ಜಾಸ್ತಿ ಇದ್ದರೆ ಸೋಂಕು ಬೇಗ ಹತ್ತುತ್ತದೆ, ಗಾಯ ಮಾಯುವುದೂ ತಡ. ಬೆನ್ನಿನ ಗಾಯ ಅವಳಿಗೆ ಹೇಗೆ ಕಾಣಬೇಕು? ನಾವೇ ನೋಡಬೇಕಿತ್ತು ಅಲ್ವಾ? ಈಗ ದಿನಾ ಫೋಟೋ ತೆಗೆದು ಹಿಂದಿನ ದಿನದ್ದರ ಜೊತೆ ಹೋಲಿಸುತ್ತೇನೆ.

ನಿನ್ನೆ ವಾಕರ್ ಹಿಡಿದು ಪಡಸಾಲೆ ತನಕ ನಡೆದಳು. ಜ್ವರ ಇಲ್ಲ. ಮುಂದಿನ ತಿಂಗಳು ಎಕ್ಸ್‌ರೇ ಇದೆ.