ಬೆಟ್ಟದಲ್ಲಿ ತೆಗೆದ ಯಾವ ಫೋಟೋ ನಿಮಗೆ ಮರೆಯೋಕೆ ಆಗಿಲ್ಲ?

ಮಾಗಡಿ ರೋಡ್ ನಿವಾಸಿ
ಹೋದ ಭಾನುವಾರ ಅಪ್ಪನ ಜೊತೆ ಸಾವನದುರ್ಗಕ್ಕೆ ಹೋಗಿದ್ದೆ. ಅವರಿಗೆ 61 ವರ್ಷ. ಕರಿಗುಡ್ಡದ ಬೋಳು ಬಂಡೆ ಮೇಲೆ ಅರ್ಧ ಹತ್ತಿ, ಬಿಳಿ ಬಾಣದ ಗುರುತು ಇದ್ದ ಕಡೆ ಶೂ ಬಿಚ್ಚಿ ಕೂತರು. ಕಿತ್ತಳೆ ಸುಲಿದು ಮೊದಲ ತೊಳೆ ನನ್ನ ಕಡೆ ಚಾಚಿದರು, ಆಗ ಒಂದು ಕ್ಲಿಕ್ ಮಾಡಿದೆ. ಹಿಂದೆ ದೂರದಲ್ಲಿ ಮಂಚನಬೆಲೆ ಜಲಾಶಯ. ಮೇಲೆ ನಂದಿ ಮಂಟಪದಲ್ಲಿ ಸುಮಾರು ನಲವತ್ತು ಫೋಟೋ ತೆಗೆದೆ, ಅದರಲ್ಲಿ ಒಂದೂ ಇದರ ಹತ್ತಿರ ಬರುವುದಿಲ್ಲ. ನಿಮಗೂ ಹೀಗೆ ಒಂದು ಇರಬೇಕು ಅಲ್ವಾ? ಹೇಳಿ. ಇನ್ನೊಂದು ಪ್ರಶ್ನೆ: ಕೈ ಊರಿಕೊಂಡು ಹತ್ತಿದ ಬಂಡೆ ಫೋಟೋದಲ್ಲಿ ಸಪಾಟಾಗಿ ಕಾಣುತ್ತದೆ, ಯಾಕೆ?

ಕ್ಯಾಮೆರಾ ಚೀಲ
ನೀವು ನೇರ ಮೇಲಕ್ಕೆ ಅಥವಾ ಕೆಳಕ್ಕೆ ನೋಡಿ ತೆಗೆದಿರುತ್ತೀರಿ. ಆಗ ಫ್ರೇಮ್ ತುಂಬಾ ಬರೀ ಕಲ್ಲು, ಇಳಿಜಾರು ಎಷ್ಟು ಅಂತ ಕಣ್ಣಿಗೆ ಹೇಳೋಕೆ ಏನೂ ಇರುವುದಿಲ್ಲ. ಸ್ವಲ್ಪ ಪಕ್ಕಕ್ಕೆ ಹೋಗಿ, ಬಂಡೆಯ ಅಂಚು ಆಕಾಶದ ಎದುರು ಓರೆ ಗೆರೆಯಾಗಿ ಬರಬೇಕು. ಅದರ ಮೇಲೆ ಒಬ್ಬರು ನೆಟ್ಟಗೆ ನಿಂತಿದ್ದರೆ ಇನ್ನೂ ಒಳ್ಳೆಯದು. ಫೋನ್ ಮಾತ್ರ ಓರೆ ಮಾಡಬೇಡಿ. ವೈಡ್ ಲೆನ್ಸ್ ದೂರದ್ದನ್ನೆಲ್ಲ ಚಿಕ್ಕದು ಮಾಡುತ್ತದೆ, ನಿಮ್ಮ ಜಲಾಶಯ ದೊಡ್ಡದಾಗಿ ಕಾಣಬೇಕಿದ್ದರೆ ಎರಡು ಹೆಜ್ಜೆ ಹಿಂದೆ ಸರಿದು 2ಎಕ್ಸ್ ಜೂಮ್‌ನಲ್ಲಿ ತೆಗೆಯಿರಿ. ಆದರೆ ಹಿಂದೆ ಸರಿಯುವ ಮುಂಚೆ ಹಿಂದೆ ಏನಿದೆ ಅಂತ ತಿರುಗಿ ನೋಡಿ, ದಯವಿಟ್ಟು.

ಕುಕ್ಕೆ ದಾರಿ
ನಂದು ಕುಮಾರ ಪರ್ವತದ್ದು. 1,712 ಮೀಟರ್ ಬೆಟ್ಟ, ಆದರೆ ತುದಿಯ ಫೋಟೋ ಅಲ್ಲ. ಕುಕ್ಕೆ ಕಡೆಯಿಂದ ಹತ್ತಿ, ಕಾಲಿಗೆ ಅಂಟಿದ ಜಿಗಣೆ ಕಿತ್ತು ಹಾಕುತ್ತಾ ದಾರಿ ಮಧ್ಯೆ ಊಟ ಸಿಗುತ್ತಿದ್ದ ಗಿರಿಗದ್ದೆಯ ಭಟ್ಟರ ಮನೆ ಸೇರುವಾಗ ಹೊಟ್ಟೆ ಹಸಿದು ಮಾತೇ ಬರುತ್ತಿರಲಿಲ್ಲ. ಅನ್ನ, ಸಾರು, ಮಜ್ಜಿಗೆ. ನಾಲ್ಕು ಜನ ತಟ್ಟೆ ಮುಂದೆ ಕೂತಿದ್ದಾರೆ, ಒಬ್ಬರೂ ಕ್ಯಾಮೆರಾ ನೋಡುತ್ತಿಲ್ಲ. ಮಂಜಿನಿಂದ ಲೆನ್ಸ್ ಮಸುಕಾಗಿತ್ತು, ಒರೆಸೋಕೂ ನೆನಪಿರಲಿಲ್ಲ. ಆ ನಾಲ್ವರಲ್ಲಿ ಇಬ್ಬರು ಈಗ ಬೆಂಗಳೂರಲ್ಲಿ ಇಲ್ಲ, ಹಾಗಾಗಿ ಆ ಫೋಟೋ ನನಗೆ ಜಾಸ್ತಿ ಇಷ್ಟ.

ಯಶವಂತಪುರ ಅಕ್ಕ
ಶಿವಗಂಗೆಯ ಒಳಕಲ್ ತೀರ್ಥ. ಕಲ್ಲಿನ ತೂತಿನೊಳಗೆ ಕೈ ಹಾಕಿದರೆ ಎಲ್ಲರಿಗೂ ನೀರು ಸಿಗುವುದಿಲ್ಲ ಅಂತಾರೆ. ಅಮ್ಮ ಭುಜದವರೆಗೆ ಕೈ ಇಳಿಸಿ ಸುಮ್ನೆ ಕೂತಿದ್ದರು, ಬೆರಳಿಗೆ ನೀರು ತಾಗಿದ ತಕ್ಷಣ ಮುಖ ಅರಳಿತು. ಒಳಗೆ ಕತ್ತಲೆ, ಫ್ಲ್ಯಾಶ್ ಹಾಕಲಿಲ್ಲ, ಬರ್ಸ್ಟ್‌ನಲ್ಲಿ, ಅಂದರೆ ಒಂದರ ಹಿಂದೆ ಒಂದು ಫೋಟೋ ಬರುವ ಹಾಗೆ, ಒತ್ತಿ ಹಿಡಿದಿದ್ದೆ. ಇಪ್ಪತ್ತರಲ್ಲಿ ಒಂದು ಸರಿಯಾಗಿ ಬಂತು. ಅಲ್ಲಿ ಕೋತಿ ಕಾಟ ಇದೆ, ಫೋನ್ ಕೈಯಲ್ಲಿ ಗಟ್ಟಿಯಾಗಿ ಹಿಡಿದಿರಿ.

ಮಾಗಡಿ ರೋಡ್ ನಿವಾಸಿ
ಎಲ್ಲವನ್ನೂ ಅಪ್ಪನಿಗೆ ಓದಿ ಹೇಳಿದೆ. ಕಿತ್ತಳೆ ಫೋಟೋ ಪ್ರಿಂಟ್ ಹಾಕಿಸು ಎಂದರು, ಆಮೇಲೆ ಅಕ್ಕ ಹೇಳಿದ ಶಿವಗಂಗೆಗೆ ಯಾವಾಗ ಹೋಗೋದು ಅಂತ ಕೇಳುತ್ತಿದ್ದಾರೆ. ಅವರ ಮಂಡಿಗೆ ಆಗುತ್ತದಾ?

ಯಶವಂತಪುರ ಅಕ್ಕ
ಮೆಟ್ಟಿಲಿದೆ, ಕಡಿದಾದ ಕಡೆ ಹಿಡಿದುಕೊಳ್ಳೋಕೆ ಕಂಬಿಯೂ ಇದೆ. ನಿಧಾನವಾಗಿ ಹತ್ತಲಿ. ಬಿಸಿಲು ಏರುವ ಮುಂಚೆ ಹೊರಡಿ, ಬಂಡೆ ಕಾದರೆ ಕಷ್ಟ. ಒಳಕಲ್ ಹತ್ತಿರ ನೀವು ಮೊದಲು ಹೋಗಿ ಕ್ಯಾಮೆರಾ ತೆರೆದಿಟ್ಟುಕೊಂಡಿರಿ.