ಉಪ್ಪು ಕೆಸರಿನ ಹುಳ, ಪದವಿನ ದೀಪ

ಗುಂಪು: ಹಿರಿಯರ ಮನೆ, ಪೆರ್ಲ

ನಾನು: ಈ ವಿಡಿಯೋ ನೋಡಿ. ಅಮೆರಿಕದ ನೆಬ್ರಾಸ್ಕದ ಲಿಂಕನ್ ಪಟ್ಟಣ. ಅದರ ಸುತ್ತಿನ ಉಪ್ಪು ಜೌಗಿನಲ್ಲಿ ಮಾತ್ರ ಇರುವ ದುಂಬಿ, ಸಾಲ್ಟ್ ಕ್ರೀಕ್ ಟೈಗರ್ ಬೀಟಲ್. 2009ರಲ್ಲಿ ಎಣಿಸಿದಾಗ ಸಿಕ್ಕಿದ್ದು 194.

ದೊಡ್ಡಪ್ಪ: ನಾನಿಲ್ಲಿ ಸುಳಿ ಕೊರೆಯುವ ಕುರುವಾಯಿ ದುಂಬಿಗೆ ಕೊಕ್ಕೆ ಹಾಕಿ ಸಾಕಾಗಿದ್ದೇನೆ. ನಿನ್ನೆ ಒಂದೇ ತೆಂಗಿನ ಸುಳಿಯಿಂದ ಮೂರು ಎಳೆದೆ. ಬೇಕಿದ್ದರೆ ಅವರಿಗೆ ಪಾರ್ಸೆಲ್ ಮಾಡು.

ಭಾವ: ಅಲ್ಲಿ ಸಮುದ್ರವೇ ಇಲ್ಲ, ಉಪ್ಪು ಎಲ್ಲಿಂದ?

ನಾನು: ನೆಲದಡಿಯಿಂದ ಉಪ್ಪುನೀರು ಜಿನುಗುತ್ತದೆ. ಮರಿಹುಳ ಆ ಕೆಸರಲ್ಲೇ ತೂತು ಕೊರೆದು ಸುಮಾರು ಎರಡು ವರ್ಷ ಕೂರುತ್ತದೆ. ತೂತಿನ ಬಾಯಿಗೆ ತಲೆಯೇ ಬಾಗಿಲು. ಇರುವೆ ಹತ್ತಿರ ಬಂತೋ, ಗಬಕ್! ರೆಕ್ಕೆ ಬಂದ ಮೇಲೆ ಬದುಕುವುದು ಬೇಸಿಗೆಯ ಕೆಲವೇ ವಾರ. ಊರು ಬೆಳೆಯಿತು, ನೀರು ಹರಿಯುವ ತೋಡನ್ನು ನೇರ ಮಾಡಿದರು, ಜೌಗಿಗೆ ಮಣ್ಣು ತುಂಬಿಸಿದರು. ನೂರಕ್ಕೆ 90ಕ್ಕಿಂತ ಜಾಸ್ತಿ ಜೌಗು ಹೋಯಿತು. 2005ರಲ್ಲಿ ಅಳಿವಿನಂಚಿನ ಪಟ್ಟಿಗೆ ಸೇರಿಸಿದರು.

ದೊಡ್ಡಪ್ಪ: ಮನುಷ್ಯರಿಗೆ ಜಾಗ ಬೇಡವಾ? ಒಂದು ಹುಳಕ್ಕೆ ಸುಮ್ನೆ ಇಷ್ಟು ಗಲಾಟೆ.

ಅತ್ತೆ: ಅಣ್ಣ, ಗೇರುತೋಟಕ್ಕೆ ಹೆಲಿಕಾಪ್ಟರಲ್ಲಿ ಎಂಡೋಸಲ್ಫಾನ್ ವಿಷ ಬಿಟ್ಟದ್ದೂ ಹುಳ ಸಾಯಲಿ ಅಂತಲೇ. ಆಮೇಲೆ ಏನಾಯಿತು?

ದೊಡ್ಡಪ್ಪ: ಅದನ್ನು ಇದಕ್ಕೆ ತರಬೇಡ. ಆಗ ಅದನ್ನು ನಿಲ್ಲಿಸಿ ಎಂಬ ಅರ್ಜಿಗೆ ಮೊದಲು ಸಹಿ ಹಾಕಿದವನು ನಾನು.

ಭಾವ: ವಿಡಿಯೋದಲ್ಲಿ ಹೇಳಿದ ದೀಪದ ವಿಷಯ ನನಗೆ ಹೊಸದು. ಈ ದುಂಬಿ ರಾತ್ರಿ ಬೆಳಕಿಗೆ ಮರುಳಾಗಿ, ಮೊಟ್ಟೆ ಇಡುವ ಜಾಗ ಬಿಟ್ಟು ಹೋಗುತ್ತದಂತೆ.

ಅತ್ತೆ: ಪದವಿನ ಬಯಲಲ್ಲಿ ಎತ್ತರದ ಕಂಬದ ಹೈಮಾಸ್ಟ್ ದೀಪ ಬಂದ ಮೇಲೆ ನಮ್ಮ ತೋಡಿನ ಬದಿಯಲ್ಲಿ ಮಿಂಚುಹುಳವೇ ಇಲ್ಲ. ಅದೂ ದುಂಬಿ ಜಾತಿಯೇ ಅಲ್ವಾ?

ದೊಡ್ಡಪ್ಪ: ಆ ದೀಪಕ್ಕೆ ಎರಡು ವರ್ಷ ಓಡಾಡಿದ್ದು ನಾನು. ಕತ್ತಲಲ್ಲಿ ಹಾವು ಕಚ್ಚಿದರೆ ನಿನ್ನ ಮಿಂಚುಹುಳ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತದಾ?

ನಾನು: ತೆಗೆಯಿರಿ ಅಂತ ಯಾರೂ ಹೇಳಲಿಲ್ಲ ದೊಡ್ಡಪ್ಪ. ತೋಡಿನ ಕಡೆಗಿರುವ ಎರಡು ದೀಪ ರಸ್ತೆಗೆ ತಿರುಗಿಸಿದರೆ ಸಾಕು. ರಾತ್ರಿ ತೋಡಿನಲ್ಲಿ ಯಾರು ನಡೆಯುತ್ತಾರೆ?

ದೊಡ್ಡಪ್ಪ: ಏಡಿ ಹಿಡಿಯುವವರು.

ಅತ್ತೆ: ಅವರ ಕೈಯಲ್ಲಿ ಟಾರ್ಚ್ ಇರುತ್ತದೆ.

ದೊಡ್ಡಪ್ಪ: ಇವತ್ತು ರಾತ್ರಿ ನಾನೇ ಹೋಗಿ ನೋಡುತ್ತೇನೆ. ಒಂದು ಮಿಂಚುಹುಳ ಕಂಡರೂ ಫೋಟೋ ಹಾಕುತ್ತೇನೆ. ಆಮೇಲೆ ಯಾರೂ ಮಾತಾಡಬಾರದು.

(ರಾತ್ರಿ 9:40)

ದೊಡ್ಡಪ್ಪ: ಮಿಂಚುಹುಳ ಇಲ್ಲ. ದೀಪದ ಕಂಬದ ಬುಡದಲ್ಲಿ ಕುರುವಾಯಿ ಏಳು. ಎಲ್ಲಾ ನನ್ನ ತೋಟದ ಪಕ್ಕವೇ.

ದೊಡ್ಡಪ್ಪ: ವಾರ್ಡ್ ಮೆಂಬರ್ ನಂಬರ್ ಯಾರಲ್ಲಿದೆ?