ಒಬ್ಬರೇ ಹೃದ್ರೋಗ ಸಂಶೋಧಕರಿಗೆ ಮೂರು ಎಚ್-ಇಂಡೆಕ್ಸ್: ಯಾವುದನ್ನು ನಂಬುವುದು?

ಪ್ರಶ್ನೆ: ಸಂಶೋಧನಾ ಸಹಾಯಕಿ, ಮಡಿಕೇರಿ

ನಮಸ್ಕಾರ. ಹೃದ್ರೋಗ ತಜ್ಞರೊಬ್ಬರ ಬಡ್ತಿಯ ಅರ್ಜಿಗೆ ಪ್ರಕಟಣೆಗಳ ಪಟ್ಟಿಯನ್ನೂ ಉಲ್ಲೇಖಗಳ ಲೆಕ್ಕವನ್ನೂ ಸಿದ್ಧಪಡಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಅವರ ಪ್ರಬಂಧಗಳನ್ನು ಬೇರೆಯವರು ಎಷ್ಟು ಉಲ್ಲೇಖಿಸಿದ್ದಾರೆ ಎಂಬುದರಿಂದ ಬರುವ ಎಚ್-ಇಂಡೆಕ್ಸ್ ಎಂಬ ಅಳತೆ ಗೂಗಲ್ ಸ್ಕಾಲರ್‌ನಲ್ಲಿ 17 ಎಂದಿದೆ. ಸ್ಕೋಪಸ್ ಎಂಬ ಪ್ರಬಂಧ-ಉಲ್ಲೇಖಗಳ ದತ್ತಸಂಚಯದಲ್ಲಿ ಅವರ ಹೆಸರಿಗೆ ಎರಡು ಖಾತೆಗಳಿದ್ದು, ಒಂದು 9 ಎಂದೂ ಇನ್ನೊಂದು 6 ಎಂದೂ ತೋರಿಸುತ್ತದೆ. ಎರಡನ್ನೂ ಕೂಡಿಸಿ 15 ಎಂದು ಬರೆಯಬಹುದೇ? ಸಾಲದ್ದಕ್ಕೆ ಸ್ಕಾಲರ್ ಪುಟದಲ್ಲಿ ಆಂಜಿಯೋಪ್ಲಾಸ್ಟಿಯ ಪ್ರಬಂಧಗಳ ನಡುವೆ ಕಾಫಿ ಗಿಡದ ಬಿಳಿ ಕಾಂಡಕೊರಕ ಹುಳುವಿನ ಕುರಿತ ಪ್ರಬಂಧವೊಂದು ಸೇರಿಕೊಂಡಿದ್ದು, ಉಲ್ಲೇಖಗಳ ಲೆಕ್ಕದಲ್ಲಿ ಅದೇ ಎರಡನೆಯ ಸ್ಥಾನದಲ್ಲಿದೆ. ಡಾಕ್ಟರರ ಮನೆಯವರಿಗೆ ತೋಟವಿರುವುದು ನಿಜ. ಆದರೆ ಹುಳುವಿನ ಬಗ್ಗೆ ಅವರು ಒಂದು ಸಾಲನ್ನೂ ಬರೆದವರಲ್ಲ.

ಉತ್ತರ: ನಿವೃತ್ತ ಗ್ರಂಥಪಾಲಕ, ವಿರಾಜಪೇಟೆ

ಕೂಡಿಸಬೇಡಿ. 2005ರಲ್ಲಿ ಭೌತವಿಜ್ಞಾನಿ ಹೋರ್ಹೆ ಹಿರ್ಷ್ ಸೂಚಿಸಿದ ಈ ಅಳತೆಯಲ್ಲಿ 9 ಎಂದರೆ, ತಲಾ ಕನಿಷ್ಠ 9 ಉಲ್ಲೇಖ ಪಡೆದ 9 ಪ್ರಬಂಧಗಳಿವೆ ಎಂದರ್ಥ. ಎರಡು ಖಾತೆಗಳು ಒಂದಾದರೆ ಎಣಿಕೆ ಮೊದಲಿಂದ ಆಗಬೇಕು. ಬರುವ ಅಂಕೆ 9ಕ್ಕಿಂತ ಇಳಿಯದು, 15ನ್ನು ಮೀರದು; ಆದರೆ 15 ಬರಬೇಕಿದ್ದರೆ ಹದಿನೈದು ಪ್ರಬಂಧಗಳಿಗೂ ತಲಾ ಹದಿನೈದು ಉಲ್ಲೇಖಗಳಿರಬೇಕು.

ನನ್ನ ಅನುಭವದಲ್ಲಿ ಕೊಡಗಿನವರ ಪಟ್ಟಿಗಳು ಕೆಡುವುದು ಹೆಚ್ಚಾಗಿ ಹೆಸರಿನಿಂದಲೇ. ಜನರಲ್ ಕಾರ್ಯಪ್ಪನವರ ಪೂರ್ಣ ಹೆಸರನ್ನು ನೋಡಿ: ಕೊಡಂದೇರ ಎಂಬುದು ಒಕ್ಕದ, ಅಂದರೆ ಕೊಡವ ಮನೆತನದ ಹೆಸರು, ಮಾದಪ್ಪ ಎಂಬುದು ತಂದೆಯದು, ಕಾರ್ಯಪ್ಪ (ಇಂಗ್ಲಿಷ್‌ನಲ್ಲಿ Cariappa) ಎಂಬುದು ಅವರದೇ. ಕೊನೆಯ ಪದವೇ ಮನೆತನದ ಹೆಸರೆಂದು ಭಾವಿಸುವ ಸಂಶೋಧನಾ ಪತ್ರಿಕೆ ‘ಕಾರ್ಯಪ್ಪ ಕೆ. ಎಂ.’ ಎಂದು ದಾಖಲಿಸುತ್ತದೆ. ಒಕ್ಕದ ಹೆಸರನ್ನು ಮನೆತನದ ಅಂಕಣದಲ್ಲಿ ತುಂಬಿದರೆ ‘ಕೊಡಂದೇರ ಎಂ. ಸಿ.’ ಎಂದಾಗುತ್ತದೆ. ಹೀಗೆ ಒಬ್ಬರೇ ಇಬ್ಬರಾಗುತ್ತಾರೆ. ಅತ್ತ, ಪೊನ್ನಪ್ಪ, ತಿಮ್ಮಯ್ಯ, ಬೋಪಯ್ಯ ಎಂಬ ಹೆಸರುಗಳು ನಮ್ಮಲ್ಲಿ ಎಷ್ಟೋ ಮನೆಗಳಲ್ಲಿರುವುದರಿಂದ, ಮೊದಲಕ್ಷರಗಳೂ ಹೊಂದಿಕೊಂಡರೆ ಇಬ್ಬರು ಒಬ್ಬರಾಗುತ್ತಾರೆ. ನಿಮ್ಮ ಹುಳು ಒಳಗೆ ಬಂದದ್ದು ಬಹುಶಃ ಈ ದಾರಿಯಿಂದಲೇ.

ಮೊದಲು ಡಾಕ್ಟರರೇ ಸಂಶೋಧಕರ ಗುರುತಿನ ಸಂಖ್ಯೆಯಾದ ಆರ್ಕಿಡ್ (ORCID) ನೋಂದಣಿ ಮಾಡಿಕೊಳ್ಳಲಿ. 2012ರಲ್ಲಿ ಆರಂಭವಾದ ಈ ಹದಿನಾರು ಅಂಕಿಗಳ ಗುರುತು ಹೆಸರನ್ನು ಅವಲಂಬಿಸುವುದಿಲ್ಲ. ಅವರ ಪರವಾಗಿ ನೀವು ಖಾತೆ ತೆರೆಯುವುದು ನಿಯಮಕ್ಕೆ ವಿರುದ್ಧ. ಖಾತೆ ತೆರೆದ ಮೇಲೆ ಅದನ್ನು ನೋಡಿಕೊಳ್ಳಲು ಅವರು ನಿಮಗೆ ಅನುಮತಿ ಕೊಡಬಹುದು. ಅನಂತರ, ಎರಡೂ ಖಾತೆಗಳು ಒಬ್ಬರವೇ ಎಂದು ಸ್ಕೋಪಸ್‌ಗೆ ತಿದ್ದುಪಡಿಯ ವಿನಂತಿ ಸಲ್ಲಿಸಿ. ಸ್ಕಾಲರ್‌ನಲ್ಲಿ ಡಾಕ್ಟರರ ಖಾತೆಯಿಂದಲೇ ಪ್ರವೇಶಿಸಿ, ಅನ್ಯರ ಪ್ರಬಂಧಗಳ ಎದುರು ಗುರುತು ಹಾಕಿ ಅಳಿಸಿ. ಅಷ್ಟಕ್ಕೇ ಬಿಟ್ಟರೆ ಮುಂದೆ ಇಂಥವೇ ಇನ್ನಷ್ಟು ಸೇರಬಹುದು. ಹೊಸ ಪ್ರಬಂಧಗಳು ತಾವಾಗಿಯೇ ಸೇರುವ ವ್ಯವಸ್ಥೆಯನ್ನು ನಿಲ್ಲಿಸಿ, ಸೇರಿಸುವ ಮುನ್ನ ಇಮೇಲ್‌ನಲ್ಲಿ ಕೇಳುವಂತೆ ಬದಲಾಯಿಸಿ.

ಇಷ್ಟಾದರೂ ಎರಡು ಕಡೆಯ ಅಂಕೆಗಳು ಒಂದಾಗಬೇಕೆಂದಿಲ್ಲ. ಸ್ಕಾಲರ್ ಮಹಾಪ್ರಬಂಧಗಳು, ಪುಸ್ತಕಗಳು, ಮುದ್ರಣಪೂರ್ವ ಕರಡುಗಳಿಂದ ಬಂದ ಉಲ್ಲೇಖಗಳನ್ನೂ ಧಾರಾಳವಾಗಿ ಎಣಿಸುತ್ತದೆ. ಸ್ಕೋಪಸ್ ತಾನು ಆಯ್ದುಕೊಂಡ ಪ್ರಕಟಣೆಗಳಿಂದ ಬಂದವನ್ನು ಮಾತ್ರ ಎಣಿಸುತ್ತದೆ. ಆದ್ದರಿಂದ ಅರ್ಜಿಯಲ್ಲಿ ಅಂಕೆಯ ಪಕ್ಕದಲ್ಲೇ ಅದು ಎಲ್ಲಿಯದು, ಯಾವ ದಿನ ನೋಡಿದ್ದು ಎಂಬುದನ್ನು ಬರೆಯಿರಿ.

ಮರುಪ್ರಶ್ನೆ: ಸಂಶೋಧನಾ ಸಹಾಯಕಿ

ಧನ್ಯವಾದಗಳು, ಸರ್. ಗಾಳಿಮಳೆಗೆ ಮೂರು ದಿನ ಕರೆಂಟೂ ನೆಟ್‌ವರ್ಕೂ ಇಲ್ಲದ ಕಾರಣ ತಡವಾಯಿತು. ಸ್ಕೋಪಸ್ ಖಾತೆಗಳು ಒಂದಾಗಿ 11 ಬಂದಿದೆ. ಅನ್ಯರ ಪ್ರಬಂಧಗಳನ್ನೆಲ್ಲ ಅಳಿಸಿದ ಮೇಲೆ ಸ್ಕಾಲರ್ 17ರಿಂದ 14ಕ್ಕೆ ಇಳಿದಿದೆ. ಇಳಿದದ್ದು ಡಾಕ್ಟರರಿಗೆ ಅಷ್ಟೇನೂ ಹಿಡಿಸಲಿಲ್ಲ. ಉಳಿದದ್ದು ಎರಡು ವಿಷಯ. ಹಳೆಯ ರೋಗಿ-ವರದಿಯೊಂದರಲ್ಲಿ ಪತ್ರಿಕೆಯೇ ಅವರ ಹೆಸರನ್ನು ತಪ್ಪಾಗಿ ಅಚ್ಚು ಹಾಕಿದೆ. ಇನ್ನೊಂದು, ಹಲವು ದೇಶಗಳಲ್ಲಿ ನಡೆದ ಅಧ್ಯಯನದ ಪ್ರಬಂಧ. ಅದಕ್ಕೆ ಸಾವಿರಾರು ಉಲ್ಲೇಖಗಳಿವೆ, ಡಾಕ್ಟರರ ಹೆಸರು ಮಾತ್ರ ಅನುಬಂಧದಲ್ಲಿದೆ. ಅದನ್ನು ಪಟ್ಟಿಗೆ ಸೇರಿಸಬಹುದೇ?

ಉತ್ತರ: ನಿವೃತ್ತ ಗ್ರಂಥಪಾಲಕ

ಅಚ್ಚಿನ ತಪ್ಪನ್ನು ಪತ್ರಿಕೆಯವರೇ ತಿದ್ದಬೇಕು. ಸಂಪಾದಕರಿಗೆ ಪತ್ರ ಬರೆದು ತಿದ್ದುಪಡಿ ಪ್ರಕಟಿಸುವಂತೆ ಡಾಕ್ಟರರೇ ಕೇಳಲಿ; ಸಹಿ ಅವರದೇ ಇರಲಿ.

ಅನುಬಂಧದ ಹೆಸರಿನ ವಿಷಯದಲ್ಲಿ ಎಚ್ಚರ ಬೇಕು. ಹೃದ್ರೋಗ ಕ್ಷೇತ್ರದಲ್ಲಿ ಇದು ಸಾಮಾನ್ಯ ಪೇಚು: ಹೃದಯಾಘಾತದ ಕಾರಣಗಳ ಕುರಿತ 2004ರ ಇಂಟರ್‌ಹಾರ್ಟ್ ಅಧ್ಯಯನ 52 ದೇಶಗಳಲ್ಲಿ ನಡೆದದ್ದು; ಅಂಥ ಕಡೆ ರೋಗಿಗಳನ್ನು ಸೇರಿಸಿ ಮಾಹಿತಿ ಕಲೆಹಾಕಿದವರೆಲ್ಲರನ್ನೂ ಲೇಖಕರ ಸಾಲಿನಲ್ಲಿ ಹಾಕಲು ಸಾಧ್ಯವಿಲ್ಲ. ವೈದ್ಯಕೀಯ ಪ್ರಬಂಧಗಳ ಸೂಚಿಯಾದ ಪಬ್‌ಮೆಡ್ ಕೂಡ ಇಂಥವರನ್ನು ಲೇಖಕರಿಂದ ಬೇರ್ಪಡಿಸಿ ಸಹಯೋಗಿಗಳೆಂದು ತೋರಿಸುತ್ತದೆ. ಆ ಪ್ರಬಂಧವನ್ನು ಎಚ್-ಇಂಡೆಕ್ಸ್‌ನ ಲೆಕ್ಕಕ್ಕೆ ತರದೆ, ‘ಸಹಯೋಗಿ ಸಂಶೋಧಕ’ ಎಂಬ ಬೇರೆ ಶೀರ್ಷಿಕೆಯಡಿ, ಅವರ ಕೇಂದ್ರ ಸೇರಿಸಿದ ರೋಗಿಗಳ ಸಂಖ್ಯೆಯೊಡನೆ ನಮೂದಿಸಿ. ಆಯ್ಕೆ ಸಮಿತಿಯವರು ಅದನ್ನು ಹೇಗೂ ತೆರೆದು ನೋಡುತ್ತಾರೆ.